ವಾಲ್ಫ್ರಿಡ್ ತಾತನ ಕೋವಿ ಪಾಠ

ನನ್ನ ಗಂಡ ಡೆಲ್ಬರ್ಟ್ ತನ್ನ ಕೋವಿಯ ಮೇಲೆ ತಾನೇ ಟ್ರಕ್ಕು ಹತ್ತಿಸಿದ ಸಂಗತಿ ಆಲ್ಡರ್ ಫಾಲ್ಸಿನಲ್ಲಿ ಗೊತ್ತಿಲ್ಲದವರು ಯಾರೂ ಇಲ್ಲ. ಆದ್ದರಿಂದ ಮುಚ್ಚುಮರೆ ಮಾಡದೆ ಅಲ್ಲಿಂದಲೇ ಶುರು ಮಾಡುತ್ತೇನೆ. ಜಿಂಕೆ ಬೇಟೆಯ ಕೊನೆಯ ಸಂಜೆ ಕಾಡಿನಿಂದ ಬಂದವನು ಕೈಗವಸು ಬಿಚ್ಚಲೆಂದು ಕೋವಿಯನ್ನು ಹಿಂದಿನ ಚಕ್ರಕ್ಕೆ ಒರಗಿಸಿದ. ಒಳಗೆ ಕೂತು ಫ್ಲಾಸ್ಕಿನಲ್ಲಿ ಉಳಿದಿದ್ದ ಕಾಫಿ ಕುಡಿದ. ಹಾಡು ಗುನುಗುತ್ತ ಗಾಡಿಯನ್ನು ಹಿಂದಕ್ಕೆ ತೆಗೆದ. ಚಳಿಗಾಲವಿಡೀ ಜಿಲ್ಲೆಯ ರಸ್ತೆಗಳಲ್ಲಿ ಹಿಮ ತಳ್ಳುವ ರಾಕ್ಷಸ ಗಾಡಿ ಓಡಿಸುವುದು ಅವನ ಉದ್ಯೋಗ. ಮನೆಮನೆಯ ಅಂಚೆಪೆಟ್ಟಿಗೆಗಳನ್ನು ಒಂದು ಗೇಣಿನ ಅಂತರದಲ್ಲಿ ತಪ್ಪಿಸಿಕೊಂಡು ಹೋಗುವ ಇಂಥ ಚಾಲಕ ಸ್ವಂತ ಕೋವಿಯ ಮೇಲೆ ಎರಡು ಸಲ ಹಾಯ್ದ. ಎರಡನೆಯ ಸಲ ಯಾಕೆಂದರೆ, ಅದೇನು ಸದ್ದಾಯಿತೆಂದು ನೋಡಲು ಗಾಡಿಯನ್ನು ಮುಂದಕ್ಕೆ ತಂದ.

ನಮ್ಮ ಕಡೆ ನವೆಂಬರ್ ಹದಿನೈದು ಎಂದರೆ ಬೇಟೆ ಶುರುವಾಗುವ ದಿನ. ಶಾಲೆಗೆ ರಜ, ಗರಗಸದ ಕಾರ್ಖಾನೆಗೆ ರಜ, ಹಲ್ಲುನೋವು ಬಂದವರು ಕೂಡ ಹದಿನಾರರ ತನಕ ತಡೆದುಕೊಳ್ಳಬೇಕು. ಅಂದು ಊರಿನಲ್ಲಿ ಉಳಿಯುವವರು ಹೆಂಗಸರು ಮತ್ತು ಪಾದ್ರಿ. ಕೋವಿಯಿಲ್ಲದ ಗಂಡಸು ನಮ್ಮ ಜೊತೆ ಕೂತು ಇಡೀ ದಿನ ಕಾಫಿ ಕುಡಿಯುತ್ತಾನೆಂದರೆ ಅದು ಅವನಿಗೂ ಅವಮಾನ, ನಮಗೂ ತೊಂದರೆ. ಅದಕ್ಕೇ ಬೇಸಿಗೆ ಕಳೆಯುತ್ತಿದ್ದ ಹಾಗೆ ಒಲೆಯ ಮೇಲಿನ ದುಡ್ಡಿನ ಡಬ್ಬಿಯನ್ನು ಅವನ ಮುಂದೆ ಬೋರಲು ಹಾಕಿ, ಇಷ್ಟರಲ್ಲಿ ಬರುವುದನ್ನು ತಾ ಎಂದೆ. ಮನೆಯ ಮಾಡು ಸೋರಿತ್ತು, ಟ್ರಕ್ಕಿಗೆ ಟೈರು ಬೇಕಾಗಿತ್ತು. ಡಬ್ಬಿಯಲ್ಲಿ ಉಳಿದದ್ದರಲ್ಲಿ ಹೊಸ ಕೋವಿಯ ನಳಿಗೆ ಬರುತ್ತಿತ್ತು, ಉಳಿದ ಭಾಗಕ್ಕೆ ಪ್ರಾರ್ಥನೆ ಮಾಡಬೇಕಿತ್ತು.

ಡೆಲ್ಬರ್ಟ್ ಎದೆಗುಂದಲಿಲ್ಲ. ಕಡಿಮೆ ದುಡ್ಡಿನಲ್ಲಿ ಒಳ್ಳೆಯ ಕೋವಿ ಆರಿಸುವುದು ಒಂದು ವಿದ್ಯೆ, ಅದನ್ನು ಕಲಿತೇ ತೀರುತ್ತೇನೆ ಎಂದು ಹೊರಟ. ಕ್ಷೌರದವನು ಹೆಚ್ಚು ಹೊಡೆತದ ತೋಟಾ ಬೇಕೆಂದ. ಪೆಟ್ರೋಲ್ ಬಂಕಿನವನು, ಅಂಥದ್ದು ಹೊಡೆದರೆ ಜಿಂಕೆಗಿಂತ ಮೊದಲು ನಿನ್ನ ಭುಜ ಬೀಳುತ್ತದೆ ಎಂದ. ಹಲ್ಲಿನ ವೈದ್ಯ ಅವನ ಬಾಯಿಗೆ ಹತ್ತಿ ತುರುಕಿದ ಮೇಲೆ ಅರ್ಧ ಗಂಟೆ ಕೋವಿಯ ಮೇಲೆ ಕೂರಿಸುವ ದುರ್ಬೀನಿನ ಬಗ್ಗೆ ಹೇಳಿದ, ಇವನು ತಲೆಯಾಡಿಸಿದ. ಚರ್ಚಿನಲ್ಲಿ ನನ್ನ ಪಕ್ಕ ಕೂತು ಪ್ರಾರ್ಥನೆಯ ಪುಸ್ತಕದೊಳಗೆ ಕ್ಯಾಟಲಾಗು ಇಟ್ಟುಕೊಂಡು ಓದಿದ. ನನ್ನನ್ನು ಮದುವೆಯಾಗುವಾಗ ಇದರಲ್ಲಿ ಕಾಲುಭಾಗ ವಿಚಾರಿಸಿದ್ದರೆ ಬೇರೆ ಯಾರನ್ನಾದರೂ ಆಗಿರುತ್ತಿದ್ದನೋ ಏನೋ. ಕೊನೆಗೆ ತಲೆಯೆಲ್ಲ ಗೊಂದಲವಾಗಿ, ವಾಲ್ಫ್ರಿಡ್ ತಾತನ ಬಳಿಗೆ ಹೋದ.

ವಾಲ್ಫ್ರಿಡ್ ತಾತ ಹಿಂದೆ ತಾಮ್ರದ ಗಣಿಯಲ್ಲಿದ್ದವನು. ಹೆಂಡತಿ ತೀರಿಹೋಗಿ ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಆ ಬೇಸಿಗೆಯಲ್ಲಿ ಹಬೆಸ್ನಾನದ ಕೋಣೆ ಸೌನಾದ ಮೆಟ್ಟಿಲ ಮೇಲೆ ಜಾರಿ ಸೊಂಟ ಮುರಿದುಕೊಂಡು, ಅಡುಗೆಮನೆಯ ಕಿಟಕಿಯ ಪಕ್ಕದ ಮಂಚ ಹಿಡಿದಿದ್ದ. ಅವನ ಕೋವಿ ಒಲೆಯ ಎದುರಿನ ಗೋಡೆಯ ಮೇಲಿತ್ತು. ನೋಡಲು ಏನೂ ಇಲ್ಲದ ಕೋವಿ, ಹಿಡಿಯ ಮರವೆಲ್ಲ ಗೀರು. ಆದರೆ ವರ್ಷಕ್ಕೊಂದು ಜಿಂಕೆಗೆ ಒಂದೇ ತೋಟಾ ಖರ್ಚು ಮಾಡಿದ ಕೋವಿ ಅದು. ಊರಿನ ಗಂಡಸರೆಲ್ಲ ಆ ಮನೆಗೆ ಹೋದರೆ ಮೊದಲು ಗೋಡೆಯ ಕಡೆ ನೋಡಿ, ಆಮೇಲೆ ತಾತನ ಆರೋಗ್ಯ ಕೇಳುತ್ತಿದ್ದರು.

ಮೊದಲ ದಿನ ಡೆಲ್ಬರ್ಟ್ ಸಂಜೆಯೆಲ್ಲ ಅಲ್ಲಿದ್ದು ಬಂದ. ತಾತ ಏನು ಕಲಿಸಿದ ಎಂದು ಕೇಳಿದೆ.

"ಹೊಳಪು ನೋಡಿ ತಗೋಬೇಡ ಅಂದ್ರು."

"ಅಷ್ಟೇನಾ?"

"ಇವತ್ತಿಗೆ ಅಷ್ಟೇ. ಆಮೇಲೆ ಇಸ್ಪೀಟಾಡಿದ್ವಿ."

ಮರುದಿನ ಕಲಿತು ಬಂದದ್ದು, ಎಲ್ಲ ಅಂಗಡಿಯಲ್ಲೂ ಸಿಗುವ ತೋಟಾ ಹಿಡಿಸುವ ಕೋವಿಯನ್ನೇ ಕೊಳ್ಳಬೇಕು ಎಂದು. ಅದರ ಮರುದಿನ, ಅಗ್ಗದ ದುರ್ಬೀನಿಗಿಂತ ಬರಿಗಣ್ಣೇ ವಾಸಿ ಎಂದು. ಇನ್ನೊಂದು ದಿನ, ಕಣ್ಣು ಮುಚ್ಚಿಕೊಂಡು ಭುಜಕ್ಕೇರಿಸಿ ಆಮೇಲೆ ಕಣ್ಣು ಬಿಡಬೇಕು, ಗುರಿ ನೇರ ಕಣ್ಣೆದುರಿಗಿದ್ದರೆ ಆ ಕೋವಿ ನಿನ್ನದು ಎಂದು. ಕೆಲವು ದಿನ ಹಿಂದಿನ ದಿನ ಹೇಳಿದ್ದನ್ನು ತಾತ ಪೂರ್ತಿ ತಿರುಗಿಸಿ ಹೇಳುತ್ತಿದ್ದ, ಅದನ್ನು ಸರಿಮಾಡಿಕೊಳ್ಳಲು ಇವನು ಮತ್ತೆ ಎರಡು ದಿನ ಹೋಗಬೇಕಾಗುತ್ತಿತ್ತು. ಒಂದು ಕೋವಿ ಕೊಳ್ಳಲು ಇಷ್ಟು ಪಾಠ ಬೇಕಾದರೆ ಫಿರಂಗಿ ಕೊಳ್ಳುವವರ ಗತಿಯೇನು ಎಂದು ನಾನು ಕೇಳಿದೆ. ಡೆಲ್ಬರ್ಟ್ ಗಂಭೀರವಾಗಿ, ಅದನ್ನೂ ತಾತನ ಬಳಿ ಕೇಳುತ್ತೇನೆ ಎಂದ.

ಹೋಗುವವನ ಕೈಯಲ್ಲಿ ನಾನು ಮಾಂಸ, ಆಲೂಗಡ್ಡೆ ತುಂಬಿದ ಬಿಸಿ ಪ್ಯಾಸ್ಟಿ ಕಳಿಸುತ್ತಿದ್ದೆ. ಊರಿನ ಕಾಫಿ ಹೋಟೆಲಿನಲ್ಲಿ ಅದನ್ನು ಬೇಯಿಸುವುದೇ ನನ್ನ ಕೆಲಸವಾದ್ದರಿಂದ ಎರಡು ಹೆಚ್ಚಿಗೆ ಬೇಯಿಸುವುದು ದೊಡ್ಡ ಉಪಕಾರವೇನಲ್ಲ. ಶನಿವಾರ ಡೆಲ್ಬರ್ಟ್ ಅಲ್ಲಿ ಸೌನಾಕ್ಕೆ ಬೆಂಕಿ ಹಾಕಿ ತಾತನನ್ನು ಹೊತ್ತುಕೊಂಡು ಹೋಗಿ ಕೂರಿಸುತ್ತಿದ್ದ. ಅಂಥ ಒಂದು ಶನಿವಾರ ತಾತ ಅವನನ್ನು ಕೇಳಿದನಂತೆ, ಹದಿನೈದರ ಬೆಳಗಿನ ಜಾವ ನನ್ನನ್ನು ನನ್ನ ಗುಡಿಸಲಿಗೆ ಕರೆದುಕೊಂಡು ಹೋಗುತ್ತೀಯಾ, ಬೆಳಕು ಹರಿಯುವಾಗ ಒಂದು ಸಲ ಅಲ್ಲಿ ಕೂರಬೇಕು ಎಂದು. ಮನೆಯ ಹಿಂದಿನ ಕಾಡಿನಲ್ಲಿ ಬೇಟೆಗೆ ಕಾದು ಕೂರಲು ಅವನೇ ಕಟ್ಟಿಕೊಂಡ ಹಲಗೆಯ ಗುಡಿಸಲು ಅದು. ಹಿಮದ ಮೇಲೆ ಸೌದೆ ಎಳೆಯುವ ಜಾರುಬಂಡಿಯಲ್ಲಿ ಕಂಬಳಿ ಹಾಸಿ ಎಳೆದುಕೊಂಡು ಹೋಗುತ್ತೇನೆ ಎಂದು ಡೆಲ್ಬರ್ಟ್ ಮಾತು ಕೊಟ್ಟ. ಆ ರಾತ್ರಿ ನನಗೆ ಇದನ್ನು ಹೇಳುವಾಗ ಅವನ ಮುಖ ನೋಡಬೇಕಿತ್ತು, ಯಾರೋ ಅವನಿಗೆ ಪದಕ ಕೊಟ್ಟ ಹಾಗಿತ್ತು.

ಕೆಡಿಸಿದ್ದು ನನ್ನ ಹೊಲಿಗೆಯ ಅಳತೆ ಟೇಪು. ಅಂದಿನ ಪಾಠ, ಹಿಡಿಯ ತುದಿಯಿಂದ ಬೆರಳಿನಿಂದ ಎಳೆಯುವ ಕುದುರೆಯ ತನಕ ಕೋವಿಯ ಉದ್ದ ಎಷ್ಟಿರಬೇಕು ಎನ್ನುವುದು. ತಾತ, ನನ್ನ ಕೋವಿಯನ್ನೇ ಇಳಿಸಿ ಅಳೆ, ನಿನ್ನ ತೋಳಿಗೂ ನನ್ನ ತೋಳಿಗೂ ಏನು ವ್ಯತ್ಯಾಸ ನೋಡೋಣ ಎಂದ. ಡೆಲ್ಬರ್ಟ್ ಕೋವಿಯನ್ನು ಅಳೆದ. ತನ್ನ ತೋಳನ್ನು ಅಳೆದ. ಮಲಗಿದ್ದ ತಾತನ ಮೇಲೆ ಬಗ್ಗಿ ಅವನ ತೋಳನ್ನೂ ಅಳೆದ. ತಾತನ ಕಣ್ಣು ಆಗ ಹಗುರಾಗಿ ಮುಚ್ಚಿತ್ತು, ಕಿಟಕಿಯ ಪರದೆ ತೆರೆದಿತ್ತು. ಎದುರು ಮನೆಯ ಲವೀನಿಯಾ ಟ್ರೆಂಬಾತ್ ತನ್ನ ಕಿಟಕಿಯ ಹೂಕುಂಡಕ್ಕೆ ನೀರು ಹಾಕುತ್ತಿದ್ದಳು. ಆ ಗಿಡ ಸತ್ತು ಎರಡು ವರ್ಷವಾಗಿದೆ, ಆದರೂ ಬೀದಿಯಲ್ಲಿ ಯಾರಾದರೂ ಕಂಡಾಗಲೆಲ್ಲ ಅವಳು ನೀರು ಹಾಕುತ್ತಾಳೆ.

ಮರುದಿನ ಬೆಳಿಗ್ಗೆ ಹೋಟೆಲಿಗೆ ಶವಸಂಸ್ಕಾರದ ಪ್ರಿಡೋ ಬಂದರು. ಕಪ್ಪು ಕೋಟು, ಮೃದು ಮಾತು, ಯಾರಿಗೆ ಕೈ ಕುಲುಕಿದರೂ ಅವರ ಎತ್ತರ ನೋಡುವ ಅಭ್ಯಾಸ. ನೇರವಾಗಿ ಡೆಲ್ಬರ್ಟನ ಮೇಜಿಗೆ ಬಂದು ನಿಂತರು.

"ಡೆಲ್ಬರ್ಟ್, ನೀನು ಅಳತೆ ತಗೊಂಡೆ ಅಂತ ಕೇಳಿದೆ. ನಮ್ಮ ಮನೆತನ ಮೂರು ತಲೆಮಾರಿಂದ ಇದೇ ಕೆಲಸದಲ್ಲಿದೆ. ಒಂದು ಮಾತು ನನ್ನ ಕೇಳಬಹುದಿತ್ತು."

ಪ್ರಿಡೋ ಅವರಿಗೂ ಕೋವಿಯ ಜ್ಞಾನವಿದೆ ಎಂದು ತಿಳಿದು ಡೆಲ್ಬರ್ಟನಿಗೆ ಖುಷಿಯಾಯಿತು. ಕುರ್ಚಿ ಎಳೆದು ಕೊಟ್ಟ.

"ಒಳ್ಳೇದೇ ಆಯ್ತು ಬಿಡಿ. ಹದಿಮೂರೂವರೆ ಇಂಚು ಬಂತು. ಸಾಕಾಗುತ್ತಾ?"

"ಹದಿಮೂರೂವರೆ ಇಂಚು," ಎಂದು ಪ್ರಿಡೋ ನಿಧಾನವಾಗಿ ಹೇಳಿ ಕೂತರು.

"ಮರದ್ದು ನಮ್ಮ ಕೈಗೆ ಎಟುಕೋದಿಲ್ಲ. ಈಗ ಪ್ಲಾಸ್ಟಿಕ್ಕಿನದೂ ಬಂದಿದೆಯಂತೆ, ಮಳೆಗೆ ಉಬ್ಬೋದಿಲ್ಲ. ನನಗೇನೋ ಒಬ್ರು ಬಳಸಿ ಬಿಟ್ಟಿದ್ದಾದ್ರೂ ಪರವಾಗಿಲ್ಲ. ಒಳಗೆ ಇಣುಕಿ ನೋಡಿ ಚೊಕ್ಕಟ ಇದ್ರೆ ಆಯ್ತು, ಅಲ್ವಾ?"

ಪ್ರಿಡೋ ಅವರ ಮುಖ ಅವರ ಗಿರಾಕಿಗಳ ಮುಖದ ಹಾಗಾಯಿತು. ನಾನು ಒಲೆಯ ಬಳಿಯಿಂದ ಓಡಿ ಬಂದು, ಇವನು ಹೇಳುತ್ತಿರುವುದು ಕೋವಿಯ ವಿಷಯ, ತಾತನ ಕೋವಿಯನ್ನು ಅಳೆದದ್ದು ಅಷ್ಟೇ ಎಂದು ಬಿಡಿಸಿ ಹೇಳಿದೆ. ಹೋಟೆಲಿನಲ್ಲಿದ್ದವರೆಲ್ಲ ಕೇಳಲಿ ಎಂದು ಗಟ್ಟಿಯಾಗಿಯೇ ಹೇಳಿದೆ. ಎಲ್ಲರೂ ಕಾಫಿಯ ಲೋಟ ಕೆಳಗಿಟ್ಟು ಡೆಲ್ಬರ್ಟನನ್ನೇ ನೋಡಿದರು. ಶವಪೆಟ್ಟಿಗೆಯಾಗಿದ್ದರೆ ಕ್ಷಮಿಸಿಬಿಡುತ್ತಿದ್ದರೆಂದು ನನಗೆ ಆಗ ತಿಳಿಯಿತು.

ಯಾಕೆಂದರೆ ನಮ್ಮಲ್ಲಿ ಹಾಸಿಗೆ ಹಿಡಿದವನ ಕೋವಿಯನ್ನು ಅವನ ಗೋಡೆಯಿಂದ ಯಾರೂ ಇಳಿಸುವುದಿಲ್ಲ. ನೋಡಬಹುದು, ಹೊಗಳಬಹುದು, ಮುಟ್ಟುವ ಹಾಗಿಲ್ಲ. ಅವನು ಸತ್ತು, ಮಣ್ಣಾಗಿ, ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಮುಗಿದ ಮೇಲೆ ಒಬ್ಬೊಬ್ಬರಾಗಿ ಮನೆಯವರ ಬಳಿ ಹೋಗಿ ಗಂಟಲು ಸರಿಮಾಡಿಕೊಂಡು ಕೇಳಬೇಕು. ಅದಕ್ಕೆ ಮುಂಚೆ ಭುಜಕ್ಕೇರಿಸಿದವನು ಬದುಕಿರುವವನ ಸಾವಿಗೆ ಕಾದು ಕೂತವನು. ಡೆಲ್ಬರ್ಟ್ ಕೇವಲ ಭುಜಕ್ಕೇರಿಸಿರಲಿಲ್ಲ, ಟೇಪು ಹಿಡಿದು ಅಳೆದಿದ್ದ. ಪ್ಯಾಸ್ಟಿ, ಸೌನಾ, ಇಸ್ಪೀಟು ಎಲ್ಲದರ ಅರ್ಥ ಊರಿಗೆ ಒಮ್ಮೆಲೇ ಹೊಳೆಯಿತು. ದುಡ್ಡಿಲ್ಲದವನು ಬೇರೆ ಹೇಗೆ ಕೋವಿ ಸಂಪಾದಿಸುತ್ತಾನೆ ಹೇಳಿ.

ಆ ಭಾನುವಾರ ಪಾದ್ರಿ ಪರರ ವಸ್ತುವಿಗೆ ಆಸೆಪಡುವುದರ ಬಗ್ಗೆ ಪ್ರವಚನ ಮಾಡಿದರು, ಮಾಡುವಾಗ ನಮ್ಮ ಬೆಂಚನ್ನು ಬಿಟ್ಟು ಬೇರೆಲ್ಲ ಬೆಂಚುಗಳನ್ನೂ ನೋಡಿದರು. ಹಾಗೆ ನೋಡದಿರುವುದು ಎಂಥ ನೋಟವೆಂದು ಅನುಭವಿಸಿದವರಿಗೇ ಗೊತ್ತು. ಕ್ಷೌರದವನು ಡೆಲ್ಬರ್ಟನ ತಲೆ ಕತ್ತರಿಸುತ್ತ, ನನ್ನದೂ ಒಂದು ಕೋವಿಯಿದೆ, ಆದರೆ ನನಗೆ ಆರೋಗ್ಯ ಚೆನ್ನಾಗಿದೆ ಎಂದ. ದೂರದ ಗ್ರೀನ್ ಬೇ ಪಟ್ಟಣದಿಂದ ತಾತನ ತಂಗಿಯ ಮಗಳು ಶಾರ್ಲಿನ್ ಕೇಕು ಹಿಡಿದು ಧಾವಿಸಿ ಬಂದಳು. ಮೂರು ಕ್ರಿಸ್‌ಮಸ್ಸಿಗೆ ಕಾರ್ಡು ಕಳಿಸಲು ಮರೆತಿದ್ದವಳು ಅವಳು. ಕೋವಿಯನ್ನು ಒಯ್ಯಲು ತಾತ ಬಿಡಲಿಲ್ಲವಾದ್ದರಿಂದ, ಗೋಡೆಯ ಮೊಳೆಗೂ ಕೋವಿಗೂ ಸೇರಿಸಿ ಸೈಕಲ್ಲಿನ ಸರಪಳಿ ಸುತ್ತಿ ಬೀಗ ಹಾಕಿದಳು. ಕೀಲಿಯನ್ನು ಲವೀನಿಯಾಳ ಕೈಗೆ ಕೊಟ್ಟು ಹೋದಳು.

ಡೆಲ್ಬರ್ಟ್ ಕುಗ್ಗಿಹೋದ. ಆಮೇಲೆ ಸೆಟೆದು ನಿಂತ. ಅವನು ಕುಗ್ಗಿದಾಗ ನನಗೆ ಭಯವಿಲ್ಲ, ಸೆಟೆದಾಗಲೇ ಭಯ. ಸ್ವಂತ ಕೋವಿ ಕೈಗೆ ಬಂದು ಇಡೀ ಊರು ಅದನ್ನು ಕಣ್ಣಾರೆ ನೋಡುವ ತನಕ ತಾತನ ಹೊಸಿಲು ತುಳಿಯುವುದಿಲ್ಲ ಎಂದು ಅಡುಗೆಮನೆಯಲ್ಲಿ ಘೋಷಿಸಿದ. ಹುಚ್ಚು ಹಿಡಿದಿದೆಯಾ, ಅವರೊಬ್ಬರೇ ಇದ್ದಾರೆ, ಹೋಗು ಎಂದೆ.

"ಜನ ಏನಂತಾರೆ ಇರ್ಮಾ?"

"ಈಗಾಗ್ಲೇ ಅಂದಾಯ್ತಲ್ಲ. ಇನ್ನೇನು ಉಳಿದಿದೆ ಅನ್ನೋಕೆ?"

ಅವನು ಕೇಳಲಿಲ್ಲ. ಹೇಗೂ ಹದಿನೈದಕ್ಕೆ ಹೋಗುತ್ತೇನಲ್ಲ, ಅಷ್ಟರೊಳಗೆ ಹೆಸರು ತೊಳೆದುಕೊಂಡು ಹೋಗುತ್ತೇನೆ ಎಂದ. ಪ್ಯಾಸ್ಟಿ ಒಯ್ಯುವ ಕೆಲಸ ನನಗೆ ಬಂತು. ತಾತ ಪ್ಯಾಸ್ಟಿಯನ್ನು ಪಕ್ಕಕ್ಕಿಟ್ಟು ನನ್ನ ಹಿಂದೆ ಬಾಗಿಲ ಕಡೆ ನೋಡುತ್ತಿದ್ದ. ಡೆಲ್ಬರ್ಟ್ ಅಂಗಡಿಗಳಲ್ಲಿ ಕೋವಿ ಹುಡುಕುತ್ತಿದ್ದಾನೆ ಎಂದು ನಾನು ನಿಜವನ್ನೇ ಹೇಳುತ್ತಿದ್ದೆ. ಪಾಠ ಇನ್ನೂ ಬಹಳ ಉಳಿದಿದೆ ಎಂದು ಹೇಳು, ಅವಸರದಲ್ಲಿ ಕೊಂಡರೆ ಕೆಟ್ಟ ಎಂದು ತಾತ ಹೇಳಿ ಕಳಿಸುತ್ತಿದ್ದ. ಇದನ್ನು ಹೇಳಿದರೆ ಡೆಲ್ಬರ್ಟ್, ನಾನೇನು ಅವಸರದಲ್ಲಿಲ್ಲ ಎನ್ನುತ್ತಿದ್ದ.

ನಿಜಕ್ಕೂ ಅವಸರಪಡಲಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಕಣ್ಣು ಮುಚ್ಚಿಕೊಂಡು ಒಂದೊಂದೇ ಕೋವಿಯನ್ನು ಭುಜಕ್ಕೇರಿಸಿ, ಕಣ್ಣು ಬಿಟ್ಟು, ತಲೆಯಲ್ಲಾಡಿಸಿ ಕೆಳಗಿಡುತ್ತಿದ್ದ. ಒಮ್ಮೆ ಕಣ್ಣು ಬಿಟ್ಟಾಗ ಎದುರಿಗೆ ಬಣ್ಣ ಕೊಳ್ಳಲು ಬಂದ ಪಾದ್ರಿ ಎರಡೂ ಕೈ ಮೇಲೆತ್ತಿ ನಿಂತಿದ್ದರು. ಹೊಸ ಹೊಳಪಿನವುಗಳನ್ನು ಇವನು ತಿರುಗಿಯೂ ನೋಡಲಿಲ್ಲ. ಕೊನೆಗೆ ಹದಿನಾಲ್ಕರ ಸಂಜೆ ಮೂಲೆಯಲ್ಲಿ, ಹಳೆಯ ಹಾರೆಗಳ ಪಕ್ಕ ನಿಂತಿದ್ದ ಒಂದು ಕೋವಿ ಅವನಿಗೆ ಒಲಿಯಿತು. ಯಾರೋ ಬಳಸಿ ಬಿಟ್ಟದ್ದು, ಹಿಡಿಯ ಮೇಲೆ ಯಾರದೋ ಹೆಸರಿನ ಎರಡು ಅಕ್ಷರ ಕೆತ್ತಿತ್ತು. ನಳಿಗೆಯ ಒಳಗೆ ಕನ್ನಡಿಯ ಹಾಗಿತ್ತು, ಭುಜಕ್ಕೆ ಹೇಳಿ ಮಾಡಿಸಿದ ಹಾಗೆ ಕೂತಿತು. ಡಬ್ಬಿಯ ದುಡ್ಡಿನಲ್ಲಿ ಅದೂ ಬಂತು, ಎರಡು ಪೊಟ್ಟಣ ತೋಟಾವೂ ಬಂತು. ಊರಿನಲ್ಲಿ ಯಾರೂ ಅಷ್ಟು ಕಡಿಮೆಗೆ ಅಂಥ ಕೋವಿ ತಂದಿರಲಿಲ್ಲ, ಇದನ್ನು ಅವನ ಹೆಂಡತಿಯೆಂಬ ಕಾರಣಕ್ಕೆ ಹೇಳುತ್ತಿಲ್ಲ.

ಆ ಸಂಜೆಯೇ ಮೆರವಣಿಗೆ ಹೊರಟಿತು. ಟ್ರಕ್ಕಿನ ಹಿಂದಿನ ಗಾಜಿಗೆ ಕೋವಿಯನ್ನು ನೇತುಹಾಕಿ ಪೇಟೆಯ ಬೀದಿಯಲ್ಲಿ ಹೋದ, ಬಂದ, ಮತ್ತೆ ಹೋದ. ಹೋಟೆಲಿಗೆ ತಂದು ಎಲ್ಲರ ಕೈಗೂ ಕೊಟ್ಟ. ಕ್ಷೌರದವನು ನಳಿಗೆಯಲ್ಲಿ ಇಣುಕಿ ಹುಬ್ಬೇರಿಸಿದ. ಪ್ರಿಡೋ ಮರವನ್ನು ಸವರಿ, ಒಳ್ಳೆಯ ವಾಲ್‌ನಟ್, ನನಗೆ ಮರ ಗೊತ್ತು ಎಂದರು. ಲವೀನಿಯಾ ಕೂಡ, ತಾನು ಯಾವತ್ತೂ ಯಾರ ಬಗ್ಗೆಯೂ ಏನೂ ಹೇಳಿದವಳಲ್ಲ ಎಂದಳು. ಡೆಲ್ಬರ್ಟ್ ಎಲ್ಲರಿಗೂ ಕಾಫಿ ಕೊಡಿಸಿದ. ಹೋಟೆಲಿನಿಂದ ತಾತನ ಮನೆಗೆ ಐದು ನಿಮಿಷದ ದಾರಿ. ಈಗಲೇ ಹೋಗಿ ತೋರಿಸಿ ಬಾ ಎಂದೆ. ನಾಳೆ ಹೇಗೂ ಹೋಗುತ್ತೇನಲ್ಲ ಎಂದ.

ಹದಿನೈದರ ಬೆಳಗಿನ ಜಾವ ನಾನೇ ಎಬ್ಬಿಸಿ ಕಾಫಿ ಕೊಟ್ಟೆ. ಹೊರಗೆ ಹಿಮ ಬಿದ್ದು ನಿಂತಿತ್ತು, ಜಾರುಬಂಡಿಗೆ ಅದಕ್ಕಿಂತ ಒಳ್ಳೆಯ ನೆಲ ಸಿಗುವುದಿಲ್ಲ. ಡೆಲ್ಬರ್ಟ್ ಬೂಟು ಹಾಕಿಕೊಂಡವನು ಹಾಗೇ ಕೂತ.

"ಈ ಕತ್ತಲಲ್ಲಿ ಹೋದ್ರೆ ಕದ್ದು ಹೋದ ಹಾಗಿರುತ್ತೆ. ಸ್ವಲ್ಪ ಬೆಳಕಾಗ್ಲಿ. ಎಲ್ರೂ ನೋಡೋ ಹಾಗೆ, ನನ್ನ ಕೋವಿ ಹೆಗಲ ಮೇಲೆ ಹಾಕ್ಕೊಂಡು ಹೋಗ್ತೀನಿ."

ಬೆಳಕು ಹರಿಯುವುದನ್ನು ನೋಡಲೆಂದೇ ಆ ಮುದುಕ ಹೊರಟಿರುವುದು ಎಂದು ಕೂಗಾಡಿದೆ. ಜಿಂಕೆ ಮಧ್ಯಾಹ್ನವೂ ಓಡಾಡುತ್ತದೆ ಎಂದ. ಬೆಳಕಾಯಿತು. ಬಾಗಿಲಿಗೆ ಬಂದು ನೋಡಿದರೆ ಬೀದಿಯಲ್ಲಿ ನರಪಿಳ್ಳೆಯಿಲ್ಲ, ಗಂಡಸರೆಲ್ಲ ಕಾಡಿನಲ್ಲಿದ್ದರು. ನೋಡುವವರಿಲ್ಲದೆ ಹೇಗೆ ಹೋಗುವುದು ಎಂದು ನನ್ನ ಗಂಡ ಒಳಗೆ ಬಂದು ಕೂತ. ಹೊಟ್ಟೆ ಹಸಿದವರು ಕಾಡಿನಿಂದ ಊಟಕ್ಕೆ ಬರತೊಡಗಿದ ಮೇಲೆ, ಅವರ ಎದುರಿಗೇ ಬೀದಿಯ ನಟ್ಟನಡುವೆ ಜಾರುಬಂಡಿ ಎಳೆದುಕೊಂಡು ಹೊರಟ. ಪ್ಯಾಸ್ಟಿಯ ಬುಟ್ಟಿ ಹಿಡಿದು ನಾನೂ ಹಿಂದೆ ಹೋದೆ.

ತಾತನ ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ಹೊಸಿಲ ಪಕ್ಕದ ಕುರ್ಚಿಯಲ್ಲಿ ಅವನು ಕೂತಿದ್ದ. ಕೆಂಪು ಚೌಕಳಿಯ ಉಣ್ಣೆಯ ಕೋಟು, ತಲೆಗೆ ಟೋಪಿ. ಬೇಟೆಯ ಪರವಾನಗಿಯ ಚೀಟಿಯನ್ನು ಎಲ್ಲರ ಹಾಗೆ ಕೋಟಿನ ಬೆನ್ನಿಗೆ ಪಿನ್ನು ಚುಚ್ಚಿಕೊಂಡಿದ್ದ, ಅದು ಓರೆಯಾಗಿತ್ತು. ಬೂಟಿನ ದಾರ ಮೇಲಿನ ತನಕ ಬಿಗಿದಿತ್ತು. ಆ ಸೊಂಟ ಇಟ್ಟುಕೊಂಡು ಬಗ್ಗಿ ಅದನ್ನು ಕಟ್ಟಲು ಎಷ್ಟು ಹೊತ್ತು ಹಿಡಿಯಿತೋ ನನಗೆ ಗೊತ್ತಿಲ್ಲ, ಗೊತ್ತಾಗದಿದ್ದರೇ ಒಳ್ಳೆಯದು. ಒಲೆಯ ಬೆಂಕಿ ಆರಿತ್ತು. ಗೋಡೆಯ ಮೇಲೆ ಕೋವಿ ಸರಪಳಿ ಸುತ್ತಿಕೊಂಡು ಹಾಗೇ ಇತ್ತು.

ಡೆಲ್ಬರ್ಟ್ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದ. ಟೇಪು, ಲವೀನಿಯಾ, ಪಾದ್ರಿ, ಶಾರ್ಲಿನ್, ಯಾರು ಏನೆಂದರು, ತಾನು ಏನು ಶಪಥ ಮಾಡಿದೆ. ಹೇಳಿ ಮುಗಿಸಿ ಹೊಸ ಕೋವಿಯನ್ನು ತಾತನ ಕೈಗಿಟ್ಟ. ತಾತ ಕಣ್ಣು ಮುಚ್ಚಿ ಅದನ್ನು ಭುಜಕ್ಕೇರಿಸಿದ, ಕಣ್ಣು ಬಿಟ್ಟ, ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿದ.

"ಚೆನ್ನಾಗಿ ಆರಿಸಿದ್ದೀಯ. ಇದಕ್ಕಿಂತ ಒಳ್ಳೇದು ನನಗೂ ಸಿಗ್ತಿರಲಿಲ್ಲ."

"ನಿಮ್ಮ ಕೋವಿಗೋಸ್ಕರ ನಾನು ಬರ್ತಿರಲಿಲ್ಲ ತಾತ. ಅದೊಂದು ನಿಮಗೆ ಗೊತ್ತಾಗಬೇಕಿತ್ತು."

"ನಾನೂ ಅದಕ್ಕೇ ಬರ್ತಿದ್ದೀಯ ಅಂದ್ಕೊಂಡಿದ್ದೆ," ಎಂದ ತಾತ. "ಅದಕ್ಕೇನೀಗ. ಬರ್ತಿದ್ದೆಯಲ್ಲ."

ಡೆಲ್ಬರ್ಟನಿಗೆ ಅರ್ಥವಾಗಲಿಲ್ಲ, ನನಗಾಯಿತು. ಕೋವಿ ಆರಿಸುವುದು ಕಲಿಸಲು ಒಂದು ಗಂಟೆ ಸಾಕು, ಅದನ್ನೇ ನಾನು ಇಷ್ಟು ದಿನ ಎಳೆದೆ ಎಂದು ತಾತನೇ ಆಮೇಲೆ ಹೇಳಿದ. ಹೇಳುವುದು ಮುಗಿದ ದಿನ ಮೊದಲು ಹೇಳಿದ್ದನ್ನು ತಿರುಗಿಸಿ ಹೇಳುತ್ತಿದ್ದನಂತೆ. ಅವನ ಧ್ವನಿಯಲ್ಲಿ ಕೋಪವಿರಲಿಲ್ಲ, ಒಂದಿಷ್ಟು ಕೋಪ ಇದ್ದಿದ್ದರೆ ನಮಗೆ ಹಗುರಾಗುತ್ತಿತ್ತು.

ಈಗಲೇ ಹೋಗೋಣ, ಕತ್ತಲಾಗಲು ಇನ್ನೂ ಹೊತ್ತಿದೆ ಎಂದು ಡೆಲ್ಬರ್ಟ್ ಕಂಬಳಿ ಹಾಸತೊಡಗಿದ. ತಾತ ಏಳಲು ಹೋದ, ಆಗಲಿಲ್ಲ. ಬೆಳಗಿನ ಜಾವದಿಂದ ಕೂತು ಸಾಕಾಗಿದೆ, ನಾಳೆ ನೋಡೋಣ ಎಂದ. ನಾನು ಕೆಳಗೆ ಕೂತು ಅವನ ಬೂಟಿನ ದಾರ ಬಿಚ್ಚಿದೆ. ಅವನ ಪಾದ ಕೈಗೆ ತಣ್ಣಗೆ ಕೊರೆಯುತ್ತಿತ್ತು. ಡೆಲ್ಬರ್ಟ್ ಒಲೆಗೆ ಬೆಂಕಿ ಹಾಕುತ್ತ, ನಾಳೆ ನಾಲ್ಕಕ್ಕೇ ಬರುತ್ತೇನೆ, ಯಾರು ನೋಡಿದರೂ ನೋಡದಿದ್ದರೂ ಬರುತ್ತೇನೆ ಎಂದು ಮತ್ತೆ ಮತ್ತೆ ಹೇಳಿದ.

ಮರುದಿನ ನಾಲ್ಕಕ್ಕೆ ಹೋದ ಕೂಡ. ತಾತನಿಗೆ ಜ್ವರ ಸುಡುತ್ತಿತ್ತು. ವೈದ್ಯರು ಬಂದರು, ಲವೀನಿಯಾ ಗ್ರೀನ್ ಬೇಗೆ ಫೋನು ಮಾಡಿದಳು, ಶಾರ್ಲಿನ್ ಬಂದು ತಾತನನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೋದಳು. ಕೋವಿಯೂ ಅದೇ ಕಾರಿನಲ್ಲಿ ಹೋಯಿತು. ಆ ಚಳಿಗಾಲ ಹಿಮ ಒಂದೇ ಸಮನೆ ಬಿತ್ತು. ಡೆಲ್ಬರ್ಟನಿಗೆ ಒಂದು ಭಾನುವಾರವೂ ಬಿಡುವು ಸಿಗಲಿಲ್ಲ. ಇನ್ನೇನು ದಾರಿ ಬಿಟ್ಟಿತು, ಗ್ರೀನ್ ಬೇಗೆ ಹೋಗಿ ನೋಡಿ ಬರೋಣ ಎನ್ನುವಷ್ಟರಲ್ಲಿ ತಾತನನ್ನು ಮಣ್ಣು ಮಾಡಲು ಊರಿಗೇ ತಂದರು.

ಪ್ರಿಡೋ ಎಲ್ಲವನ್ನೂ ಅಚ್ಚುಕಟ್ಟಾಗಿ ನಡೆಸಿದರು. ಆಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ. ಅಂದು ಊರಿನವರು ನನ್ನ ಗಂಡನಿಗೆ ತೋರಿಸಿದಷ್ಟು ಅಕ್ಕರೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಪಾದ್ರಿ ಬೆನ್ನು ತಟ್ಟಿದರು. ಕ್ಷೌರದವನು ತನ್ನ ಪಾಲಿನ ಕೇಕನ್ನು ಅವನ ತಟ್ಟೆಗೆ ಹಾಕಿದ. ಒಬ್ಬೊಬ್ಬರಾಗಿ ಗಂಡಸರು ಶಾರ್ಲಿನ್ ಬಳಿಗೆ ಹೋಗಿ ಗಂಟಲು ಸರಿಮಾಡಿಕೊಂಡು ಬಂದರು, ಡೆಲ್ಬರ್ಟ್ ಮಾತ್ರ ಹೋಗಲಿಲ್ಲ. ಎಲ್ಲರೂ ಅದನ್ನು ಗಮನಿಸಿದರು. ಲವೀನಿಯಾ ಅವನ ಪಕ್ಕದಲ್ಲಿ ಬಂದು ಕೂತು, ಅವನ ಕೈಯ ಮೇಲೆ ತನ್ನ ಕೈಯಿಟ್ಟಳು.

"ಇನ್ನು ನಿನ್ನ ಬಗ್ಗೆ ಯಾರೂ ಒಂದು ಮಾತು ಆಡೋ ಹಾಗಿಲ್ಲ, ಡೆಲ್ಬರ್ಟ್."

ಡೆಲ್ಬರ್ಟ್ ಕಾಫಿಯ ಲೋಟವನ್ನು ಪಕ್ಕಕ್ಕೆ ಸರಿಸಿದ.

"ಆಡ್ಕೊಳ್ಳಲಿ ಅಂತ ಬಿಟ್ಟು, ಅವತ್ತು ಕತ್ತಲಲ್ಲೇ ಹೋಗಿಬಿಡಬೇಕಿತ್ತು," ಎಂದ.